ಬೂದು ಗೋಡೆ ಹಸಿರಾದ ವಾರ

ಸುಣ್ಣ, ಪುಟ್ಟಿ, ಡಿಸ್ಟೆಂಪರುಗಳನ್ನು ಕಂಡುಂಡ ಸಕಲ ಗೋಡೆಗಳ ಒಡೆಯರೇ, ಒಡತಿಯರೇ, ಮೊಳೆ ಹೊಡೆಯಲೂ ಅಪ್ಪಣೆಯಿಲ್ಲದ ಬಾಡಿಗೆದಾರ ಮಹಾಶಯರೇ!

ಇವತ್ತು ಕೆ.ಆರ್. ಪುರದ ಪೇಂಟ್ ಅಂಗಡಿಯಲ್ಲಿ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಹಲಸೂರಿನ ನಮ್ಮ ಹಳೆಯ ಹಾಲ್ ಕಣ್ಮುಂದೆ ಬಂತು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅದಕ್ಕೆ ಬೂದು ಬಣ್ಣ ಬಳಿಯಲು ಶಿವಾಜಿನಗರದಿಂದ ನಜೀರ್ ಭಾಯ್ ಬರುತ್ತಿದ್ದರು. ಅವರು ಬರುವ ಮುಂಚೆ ದಿವಾನ್ ಮಂಚದ ಕಡುಗೆಂಪು ಹೊದಿಕೆಯನ್ನು ಮಡಚಿಡುವುದು, ಹೋದ ಮೇಲೆ ಮತ್ತೆ ಹಾಸುವುದು ನನ್ನ ಕೆಲಸ.

ಸಂಜೆ ಅಮ್ಮ ಆಫೀಸಿನಿಂದ ಬಂದು ನೋಡಿದರೆ ಗೋಡೆ ಹಸಿರು. ಬೆಳಿಗ್ಗೆ ನಜೀರ್ ಭಾಯ್ ನೋಡಿದರೆ ಬೂದು. ದಿನಾ ಗೇಟಿನ ಹತ್ತಿರವೇ ಜಗಳ.

“ಏನ್ ಭಾಯ್, ಹಸಿರು ಸೇರಿಸ್ಬಿಟ್ಟಿದ್ದೀರಲ್ಲ?”

“ಅಲ್ಲಾ ಕಸಂ ಮೇಡಂ, ಒಂದು ತೊಟ್ಟೂ ಹಾಕಿಲ್ಲ!”

“ಹಾಗಾದ್ರೆ ನನಗೇನು ಕಣ್ಣಿಲ್ವಾ?”

ಜೀವಮಾನವೆಲ್ಲ ಬ್ರಷ್ ಹಿಡಿದ ಮನುಷ್ಯ ಅದೇ ಬಣ್ಣವನ್ನು ಇನ್ನೊಮ್ಮೆ ಬಳಿದು, ಕೊನೆಗೆ ಮೆಲ್ಲಗೆ ನನ್ನನ್ನು ಕೇಳಿದರು: “ಬೇಟಾ, ನನ್ ಕಣ್ಣೇ ಹೋಯ್ತಾ?”

ನಾನು ನ್ಯಾಯಾಧೀಶನ ಮುಖ ಮಾಡಿಕೊಂಡು, “ಗೊತ್ತಿಲ್ಲ ಅಂಕಲ್” ಎಂದೆ.

ಹಬ್ಬಕ್ಕೆ ಅಮ್ಮ ಬಿಳಿ ಹೊದಿಕೆ ಹಾಸಿ, “ನೋಡು, ಒಣಗಿದ್ಮೇಲೆ ಸರಿಹೋಯ್ತು” ಎಂದಳು.

ಇವತ್ತು ಅಂಗಡಿಯವರು ಬೂದು ಶೇಡ್ ಕಾರ್ಡಿನ ಪಕ್ಕ ಕೆಂಪು ಬಟ್ಟೆ ಇಟ್ಟು, “ಪಕ್ಕದಲ್ಲಿ ಕೆಂಪಿದ್ರೆ ಬೂದು ಹಸಿರು ಹೊಡೆಯುತ್ತೆ ಸರ್” ಎಂದರು. ನಾನು ಬೆರಗಾದಂತೆ ನಟಿಸಿದೆ.

ಹೊದಿಕೆ ಹಾಸಿದರೆ ಗೋಡೆ ಬದಲಾಗುತ್ತದೆಂದು ನನಗೆ ಮೂರನೇ ದಿನವೇ ತಿಳಿದಿತ್ತು. ಏಕೆಂದು ಮಾತ್ರ ತಿಳಿದಿರಲಿಲ್ಲ. ಆದರೆ ಆ ಜಗಳ ನಡೆದಷ್ಟು ದಿನ ನನ್ನ ಗಣಿತದ ಅಂಕಗಳನ್ನು ಯಾರೂ ಕೇಳಲಿಲ್ಲ.