ಹಿಂದೆ ಓಡುವವನು ನಿದ್ದೆ ಹೋದ ದಿನ

ಸಾವಿನ ಮನೆಗೆ ಹೋದರೆ ನಾನು ಅಳುವುದು ಕಡಿಮೆ. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ನೋಡುವುದೇ ಹೆಚ್ಚು. ಕೆಟ್ಟ ಚಾಳಿ ಎಂದು ಸೊಸೆ ಬೈಯುತ್ತಾಳೆ. ಬೈಯಲಿ. ಈ ವಯಸ್ಸಿನಲ್ಲಿ ಮದುವೆಗಿಂತ ಮಣ್ಣಿಗೆ ಹೋಗುವುದೇ ಬಹಳ. ನೋಡಿ ನೋಡಿ ಕಣ್ಣು ಪಳಗಿದೆ.

ನಮ್ಮಲ್ಲಿ ಸತ್ತವರನ್ನು ಕುಳಿಯಲ್ಲಿ ಕೂರಿಸಿದ ಮೇಲೆ ಒಡಹುಟ್ಟಿದವರು ಒಂದೊಂದು ಹಿಡಿ ಮಣ್ಣು ಹಾಕಬೇಕು. ಅದಕ್ಕೆಂದೇ ಮೊದಲು ಊರೂರಿಗೆ ಮನುಷ್ಯರನ್ನು ಓಡಿಸುತ್ತಿದ್ದರು. ಹೋದವನು ಹೊಸ್ತಿಲ ಹೊರಗೇ ನಿಂತು ಸುದ್ದಿ ಹೇಳಿ, ಆ ಮನೆಯವರು ಹೊರಟಿದ್ದನ್ನು ಕಣ್ಣಾರೆ ನೋಡಿ, ತಿರುಗಿ ಬಂದು "ಹೊಂಟಾರ್ರಿ" ಎನ್ನುತ್ತಿದ್ದ. ಆ ಮಾತು ಕಿವಿಗೆ ಬೀಳುವವರೆಗೆ ಹೆಣ ಎತ್ತುತ್ತಿರಲಿಲ್ಲ.

ಈಗ ಹಾಗೆ ಓಡುವವರು ಯಾರೂ ಸಿಗುವುದಿಲ್ಲ. ಹುಮನಾಬಾದದ ನಮ್ಮ ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುವ ಮೊಮ್ಮಗಳು ಪೂಜಾ, ಬಳಗಕ್ಕೆಂದು ಒಂದು ವೆಬ್‌ಸೈಟ್ ಮಾಡಿದ್ದಳು. ಯಾರಾದರೂ ತೀರಿಕೊಂಡರೆ ಅದರಲ್ಲಿ ಬರೆದರಾಯಿತು, ಎಲ್ಲರ ಫೋನಿಗೂ ಸುದ್ದಿ ಹೋಗುತ್ತದೆ. ನಾನು ಓಣಿಯೆಲ್ಲ ಹೇಳಿಕೊಂಡು ತಿರುಗಿದೆ. ಸಾವಿನ ಸುದ್ದಿಯ ಬಗ್ಗೆ ಬಡಾಯಿ ಕೊಚ್ಚಿದ ಮುದುಕಿ ನಾನೊಬ್ಬಳೇ ಇರಬೇಕು.

ಹೋದ ಬೇಸಿಗೆಯಲ್ಲಿ ಮೋರಖಂಡಿಯಲ್ಲಿ ನಮ್ಮ ಅಣ್ಣ ತೀರಿಕೊಂಡ. ಅವನ ಮಗ ಬಸಣ್ಣ ವೆಬ್‌ಸೈಟಿನಲ್ಲಿ ಬರೆದ, "ಆಯಿತು" ಎಂದು ಬಂತು, ಫೋನನ್ನು ಕಿಸೆಗೆ ಹಾಕಿಕೊಂಡ. ನಾನು ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಮುಟ್ಟಿದಾಗ, ಬೇಮಳಖೇಡದ ತಂಗಿ ಕಾಶಿಬಾಯಿ ಕಾಣಲಿಲ್ಲ.

"ಕಾಶಿ ಎಲ್ಲಿ?" ಎಂದೆ.

"ಎಲ್ಲಾರಿಗೂ ಮುಟ್ಟ್ಯಾದ ಅತ್ತಿ, ಇಲ್ಲಿ ನೋಡು, ಆಯಿತು ಅಂತ ತೋರಸಾಕತ್ತದ."

ಮುಟ್ಟಿದೆ ಎಂದ ಮೇಲೆ ಮತ್ತೆ ಫೋನ್ ಹಚ್ಚುವುದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬಸ್ಸಿನಲ್ಲಿದ್ದಾಳು ಎಂದುಕೊಂಡೆವು. ಹೊತ್ತು ಮುಳುಗುತ್ತಿದ್ದಂತೆ ಹಿರಿಯರು ಇನ್ನು ತಡೆಯಬಾರದು ಎಂದರು. ಮುಚ್ಚಿದೆವು.

ಮರುದಿನ ಹಾಲಿನವನ ಬಾಯಿಂದ ಕೇಳಿ ಕಾಶಿಬಾಯಿ ಓಡಿ ಬಂದಳು. ಬಸಣ್ಣ ಅವಳ ಕೈಗೆ ಒಂದು ಹಿಡಿ ಮಣ್ಣು ಕೊಟ್ಟ. ಅವಳು ಅದನ್ನು ನೆಲಕ್ಕೆ ಸುರಿದು, "ಒಳಗ ಬಿದ್ದಿದ್ದು ಮಣ್ಣು. ಮ್ಯಾಲ ಹಾಕೂದು ಬರೇ ಧೂಳು" ಎಂದಳು. ನನ್ನ ಕಡೆ ತಿರುಗಿ, "ನಿನ್ನ ಮೊಮ್ಮಗಳ ಮಷಿನ್ ನನ್ನ ಹೆಸರೇ ಮರೀತೇನಕ್ಕಾ?" ಎಂದು ಕೇಳಿ, ನೀರೂ ಮುಟ್ಟದೆ ಹೊರಟುಹೋದಳು. ಅಂದಿನಿಂದ ನನ್ನ ಫೋನು ಎತ್ತುವುದನ್ನೇ ಬಿಟ್ಟಳು. ಹುಟ್ಟಿದ ಐವರಲ್ಲಿ ಉಳಿದವರೇ ನಾವಿಬ್ಬರು, ಅದರಲ್ಲೂ ಮಾತಿಲ್ಲ.

ಪೂಜಾ ಎರಡು ದಿನ ಊಟ ಬಿಟ್ಟು ಹುಡುಕಿ, ಕೊನೆಗೆ ನನ್ನ ಮುಂದೆ ಬಂದು ಕೂತಳು.

"ಆಯಿ, ಪೇಜು ಮುಂದ ಆಯಿತು ಅಂತದ. ಮೆಸೇಜ್ ಕಳಿಸೂ ಕೆಲಸ ಹಿಂದ ನಡೀತದ. ಹಿಂದಿನಾಂವ ಮೆಸೇಜ್ ಕಂಪನಿ ಬಾಗಿಲಿಗಿ ಹೋಗಿ, ಒಬ್ಬೊಬ್ಬರ ಹೆಸರು ಹೇಳಿ ಬರಬೇಕು."

"ಹೋಗ್ಲಿಲ್ಲೇನು?"

"ಹೋದ, ಅರ್ಧಾ ಮಂದಿ ಹೆಸರಷ್ಟೇ ಹೇಳಿದ. ನಾ ಬಾಡಿಗಿಗಿ ತೊಗೊಂಡ ಕ್ಲೌಡ್‌ನಾಗ, ಅಂದ್ರ ದೂರದ ಬ್ಯಾರೇದವರ ಕಂಪ್ಯೂಟರಿನಾಗ, ಪೇಜ್ ಯಾರೂ ನೋಡಲಿಲ್ಲಂದ್ರ ಪ್ರೋಗ್ರಾಮಿಗಿ ಮಲಗಸ್ತಾರ. ಬಸಣ್ಣ ಮಾಮಾ ಫೋನ್ ಕಿಸೇದಾಗ ಇಟ್ಟ, ಹಿಂದಿನಾಂವೂ ಮಲಕೊಂಡ."

"ಅಂದ್ರ ಹೋದಾಂವ ತಿರುಗಿ ಬರೂಕಿಂತ ಮೊದಲ ಹೊಂಟಾರ್ರಿ ಅಂತ ನೀನೇ ಹೇಳಿದಿ."

ಸಮಾಧಾನ ಮಾಡುವುದು ನನಗೆ ಬರುವುದಿಲ್ಲ, ರೊಟ್ಟಿ ಹಾಕಿಕೊಟ್ಟೆ. ಯೋಚಿಸಿದರೆ ಆ ಕ್ಲೌಡಿನವರದೂ ತಪ್ಪೆನ್ನಲಾರೆ. ನಮ್ಮ ಮನೆಯಲ್ಲೂ ಅಷ್ಟೇ, ಪಡಸಾಲೆಗೆ ಮಂದಿ ಬಂದರೆ ಹಿತ್ತಲವರೆಗೆ ಎಲ್ಲರೂ ಎಚ್ಚರ. ಬಂದವರು ಎದ್ದು ಹೋದರೆ ಎಲ್ಲರೂ ಗೋಡೆಗೆ ಒರಗುತ್ತಾರೆ. ಆದರೆ ಸುದ್ದಿಗೆ ಹೋದವನು ಹಾಗೆ ಒರಗಬಾರದು.

ಪೂಜಾ ಎಲ್ಲ ಬದಲಿಸಿದಳು. ಹಿಂದಿನವನಿಗೆ ಈಗ ಬೇರೆಯೇ ಜಾಗ, ಅಲ್ಲಿ ನಿದ್ದೆಯಿಲ್ಲ. ಸುದ್ದಿ ಮುಟ್ಟಿದವರು ಒಂದು ಗುಂಡಿ ಒತ್ತಿ "ಹೂಂ" ಎನ್ನಬೇಕು. ಅನ್ನದಿದ್ದರೆ ಅವರ ಮನೆಗೆ ಮನುಷ್ಯರೇ ಹೋಗಬೇಕು. ಪರೀಕ್ಷೆಗೆ ಯಾರಿಗೆ ಕಳಿಸಲಿ ಎಂದು ಕೇಳಿದಾಗ ನಾನೇ ಹೇಳಿದೆ: "ಬೇಮಳಖೇಡಕ್ಕ ಕಳಸು. ಬರೀ: ನಿನ್ನ ಅಕ್ಕ ಗುರುಬಾಯಿ ಇನ್ನಾ ಸತ್ತಿಲ್ಲ. ಮುಟ್ಟಿದ್ರ ಹೂಂ ಅನ್ನು."

"ಹಿಂಗ ಯಾರರ ಬರೀತಾರೇನು ಆಯಿ!"

"ಖರೇನ ಅದ, ಬರೀ."

ಹೂಂ ಬರಲಿಲ್ಲ. ಮಧ್ಯಾಹ್ನವಾದರೂ ಬರಲಿಲ್ಲ. ಪೂಜಾ ಮತ್ತೆ ಕಂಪ್ಯೂಟರಿನಲ್ಲಿ ಮುಖ ಹುದುಗಿಸಿದಳು. ಇಳಿಹೊತ್ತಿಗೆ ಕಾಶಿಬಾಯಿ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಸತ್ತಿಲ್ಲ ಅಂದಿ, ನಿನ್ನ ಮಾರಿ ನೋಡಾಕ ಬಂದೀನಿ," ಎಂದಳು. "ನೀ ಹೋದ ಮ್ಯಾಲ ನಿಮ್ಮ ಮಷಿನ್ ನನಗ ಹೇಳ್ತದೋ ಇಲ್ಲೋ."

ಇಬ್ಬರೂ ಕೂತು ಚಹಾ ಕುಡಿದೆವು. ಒಳಗಿನ ಕೋಣೆಯಿಂದ ಪೂಜಾ ಕೂಗಿದಳು: "ಆಯಿ, ಕಾಶಿ ಆಯೀದು ಇನ್ನಾ ಉತ್ತರ ಬಂದಿಲ್ಲ!"