ಅತ್ತೆ ಓಡಿಸಿದ ಹೆಬ್ಬಾತುಗಳು

ಚಳಿಗಾಲದ ಭಾನುವಾರ ಬಂತೆಂದರೆ ನಮ್ಮತ್ತೆ ಬಾಗಿಲಿಗೆ ಅಡ್ಡ ನಿಲ್ಲೋರು. ನಾನು ದುರ್ಬೀನು ಕೊರಳಿಗೆ ನೇತುಹಾಕಿಕೊಂಡು ಕತ್ತಲಲ್ಲೇ ಚಪ್ಪಲಿ ಹುಡುಕುತ್ತಿದ್ದರೆ, "ನೀನ್ ಕೊಕ್ಕರೆ ನೋಡಕ್ ಓದ್ರೆ ನನ್ ಮಗಂಗೆ ಕಾಫಿ ಯಾರವ್ವ ಮಾಡ್ಕೊಡೋರು?" ಎಂದು ಶುರು. ಮಗ ಅಂದರೆ ನನ್ನ ಗಂಡ. ಐವತ್ತರ ಹತ್ತಿರ, ಸರ್ಕಾರಿ ನೌಕರಿ, ದೇವರ ದಯೆಯಿಂದ ಎರಡೂ ಕೈ ನೆಟ್ಟಗಿವೆ.

ವಾರವೆಲ್ಲ ಸ್ಕೂಲು, ಒಲೆ ಅಂತ ಒದ್ದಾಡುವ ನನಗೆ ಆ ಒಂದು ಬೆಳಗು ಜೀವ. ರಿಟೈರಾದ ಮೇಷ್ಟ್ರೊಬ್ಬರು, ಅವರ ಹೆಂಡತಿ, ಕ್ಯಾಮೆರಾ ಹುಚ್ಚಿನ ಹಲ್ಲು ಡಾಕ್ಟರು, ನಾನು. ನಾಲ್ಕೇ ಜನ ಹಿಡಿಸುವ ಮೇಷ್ಟ್ರ ಪುಟ್ಟ ಕಾರಲ್ಲಿ ನಂಜನಗೂಡಿನಿಂದ ಹೊರಟು, ಹದಿನಾರು ಅನ್ನೋ ಊರಿನ ಕೆರೆ ನೋಡಿಕೊಂಡು, ನರಸೀಪುರದ ಸಂಗಮದವರೆಗೂ ಹೋಗುತ್ತಿದ್ದೆವು.

ಕಳೆದ ಚಳಿಗಾಲ ಅತ್ತೆ ಹಟ ಹಿಡಿದರು. "ನಾನೂ ಬತ್ತೀನಿ. ಅಲ್ಲಿ ಅದೇನ್ ಮಡಗವ್ರೋ ನೋಡ್ಬುಡ್ತೀನಿ. ಸರಿ ಕಾಣ್ನಿಲ್ವೋ, ಇವತ್ಗೇ ನಿನ್ ತಿರ್ಗಾಟ ಬಂದ್." ಮೇಷ್ಟ್ರ ಹೆಂಡತಿ ಊರಲ್ಲಿರಲಿಲ್ಲ, ಸೀಟೊಂದು ಖಾಲಿ ಇತ್ತು. ಬೇರೆ ದಾರಿ ಇಲ್ಲದೆ ಕರೆದುಕೊಂಡು ಹೋದೆ.

ಕೆರೆ ಹತ್ತಿರ ಮೇಷ್ಟ್ರು ಪಿಸುಗುಟ್ಟಿ ಪಾಠ ಮಾಡಿದರು: ಮಾತಾಡಬಾರದು, ಕೆಮ್ಮಬಾರದು, ಕೈ ಎತ್ತಬಾರದು. ಅತ್ತೆಯ ಕೆಂಪು ಸೀರೆ ಮೇಲೆ ತಮ್ಮ ಮಣ್ಣುಬಣ್ಣದ ಶಾಲು ಹೊದಿಸಿದರು. ಮಂಜು ಸರಿಯಿತು. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಕೆರೆಯಂಚಿನ ಗದ್ದೆ ತುಂಬ ಇದ್ದವು. ಡಾಕ್ಟರು ಹೊಟ್ಟೆ ಮೇಲೆ ತೆವಳಿದರು. ಅತ್ತೆಗೆ ಇದು ಹಿಡಿಸಲಿ ಅಪ್ಪಾ ಎಂದು ನಾನು ನಂಜುಂಡನಿಗೆ ಕೈ ಮುಗಿದೆ.

ಅತ್ತೆ ನೋಡಿದ್ದು ಹಕ್ಕಿಯನ್ನಲ್ಲ, ಭತ್ತವನ್ನು. ಕವಲಂದೆ ಕಡೆಯ ರೈತರ ಮಗಳು. ಅಪ್ಪನ ಗದ್ದೆ ಬದುವಿನಲ್ಲಿ ತಗಡಿನ ಡಬ್ಬ ಬಡಿದು ಹಕ್ಕಿ ಓಡಿಸುತ್ತಲೇ ಬೆಳೆದವರು.

"ಇವುಗಳ್ ಮನೆ ಆಳಾಗ! ತೆನೆಗೇ ಬಾಯಾಕ್ತಾ ಅವೆ, ಮಿಕಮಿಕ ನೋಡ್ತಾ ಕುಂತಿದ್ದೀರಲ್ರೀ!" ಶಾಲು ಬಿಸಾಕಿ, "ಹೋ... ಹೋಹೋ!" ಎಂದು ಮಣ್ಣಹೆಂಟೆ ಎತ್ತಿ ಬೀಸಿದರು ನೋಡಿ! ಹೆಂಟೆ ಬಿದ್ದದ್ದು ಡಾಕ್ಟರ ಬೆನ್ನಿಗೆ. ಹೆಬ್ಬಾತುಗಳೆಲ್ಲ ಒಮ್ಮೆಗೇ ಎದ್ದವು. ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು. ಮುಗೀತು ನನ್ನ ಭಾನುವಾರ ಅಂದುಕೊಂಡೆ.

ಹಿಂಡು ಕೂಗುತ್ತ ನಮ್ಮ ನೆತ್ತಿ ಮೇಲೇ ಸುತ್ತು ಹಾಕಿತು. ಅತ್ತೆ ಕೆನ್ನೆಗೆ ಕೈ ಇಟ್ಟುಕೊಂಡು ನಿಂತುಬಿಟ್ಟರು. "ಅಯ್ ಸಿವನೇ, ಏನ್ ಚೆಂದ ಅವೆ ಕಣವ್ವ! ಉಟ್ದಾಗ್ನಿಂದ ಓಡ್ಸಿದ್ದೇ ಆಯ್ತು, ಒಂದಿನಾನೂ ನೋಡ್ನಿಲ್ಲ." ಅವರ ಕಣ್ಣು ಒದ್ದೆಯಾಗಿತ್ತು.

ಸಂಗಮ ಬರುವವರೆಗೂ ಮೇಷ್ಟ್ರು ಮುಖ ಊದಿಸಿಕೊಂಡೇ ಇದ್ದರು. ಅಲ್ಲಿ ಅತ್ತೆ ಡಬ್ಬಿ ತೆಗೆದರು. ತುಪ್ಪ ಹಾಕಿದ ಅವರೆಕಾಳು ಉಪ್ಪಿಟ್ಟು! ನಾನು ಇಷ್ಟು ದಿನ ಒಯ್ಯುತ್ತಿದ್ದದ್ದು ಬರೀ ಬ್ರೆಡ್ಡು. ಮೂರನೇ ಸಲ ಹಾಕಿಸಿಕೊಳ್ಳುವಾಗ ಮೇಷ್ಟ್ರ ಸಿಟ್ಟು ಪೂರ್ತಿ ಇಳಿದಿತ್ತು.

ಮುಂದಿನ ಶನಿವಾರ ಅವರದೇ ಫೋನು. "ನಮ್ಮನೆಯವಳು ಬಂದಿದಾಳೆ, ಇರೋದು ಒಂದೇ ಸೀಟು. ಈ ವಾರ ನಿಮ್ಮತ್ತೆಗೆ ಬಿಟ್ಟುಕೊಡ್ತೀರಾ? ಹೆಂಟೆ ಬೇಡ ಅಂತ ಹೇಳಿ. ಉಪ್ಪಿಟ್ಟು ಮರೀಬಾರದು."

ಬೆಳಗಿನ ಜಾವ ಅತ್ತೆ ಬಾಗಿಲಲ್ಲಿ ನಿಂತಿದ್ದರು. ತಲೆ ಮೇಲೆ ನನ್ನ ಟೋಪಿ, ಕೊರಳಲ್ಲಿ ನನ್ನ ದುರ್ಬೀನು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿಮ್ಮ ಮಗನಿಗೆ ಕಾಫಿ ಯಾರತ್ತೆ ಮಾಡ್ಕೊಡೋರು?"

"ಯಾಕೆ, ಅವನ್ಗೇನ್ ಕೈ ಇಲ್ವಾ? ಮಾಡ್ಕತನೆ ಬುಡು," ಎಂದು ಕಾರು ಹತ್ತಿದರು.

ಈ ಮಾತು ಅವರ ಬಾಯಲ್ಲಿ ಒಂದು ಸಲ ಬರಲಿ ಅಂತ ನಾನು ಮದುವೆಯಾದಾಗಿನಿಂದ ಕಾದಿದ್ದೆ. ಬಂತು. ಆದರೆ ಅವತ್ತು ಕಾರಲ್ಲಿ ನನಗೆ ಜಾಗವಿರಲಿಲ್ಲ.