ಜೋಲಿ ಕಟ್ಟಿದ ಪೈಪು

ನಿಜಾಮರ ರಾಜ್ಯ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ನನ್ನ ಗಂಡ ದಢೇಸುಗೂರಿನ ಕಡೆ ಕಾಲುವೆ ಅಗೆಯಲು ಹೋಗಿದ್ದ. ನಾನು ಹಾಲು ಕುಡಿಯುವ ಮಗಳನ್ನು ಕಟ್ಟಿಕೊಂಡು ಸಿಂಧನೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಅರಳೆ ಆರಿಸುತ್ತಿದ್ದೆ. ತವರು ದೂರದ ಮಸ್ಕಿಯಲ್ಲಿ, ಅತ್ತೆ ತೀರಿಕೊಂಡಿದ್ದರು. ಕೂಸನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ನನ್ನಂಥ ತಾಯಂದಿರು ಇನ್ನೂ ಕೆಲವರಿದ್ದರು. ನಾವೆಲ್ಲ ಶೆಡ್ಡಿನ ಕೊನೆಯಲ್ಲಿ ಹಳೆ ಸೀರೆಯ ಜೋಲಿ ಕಟ್ಟಿ ಕೂಸುಗಳನ್ನು ಮಲಗಿಸುತ್ತಿದ್ದೆವು. ಜೋಲಿ ಕಟ್ಟಲು ತಲೆಯ ಮೇಲೆ ಹಾದುಹೋದ ಕಬ್ಬಿಣದ ಪೈಪಿಗಿಂತ ಗಟ್ಟಿಯಾದದ್ದು ನಮಗೆ ಕಂಡಿರಲಿಲ್ಲ.

ಆ ಪೈಪು ಹಾಕಿದ್ದು ಬೆಂಕಿಯ ಭಯಕ್ಕೆ. ಹೊರಗೆ ಎತ್ತರದ ಟಾಕಿಯಿಂದ ಬಂದ ನೀರು ಅದರಲ್ಲಿ ಸದಾ ತುಂಬಿ ನಿಂತಿರುತ್ತಿತ್ತು. ಒಂದೆರಡು ಮಾರಿಗೊಂದು ಹಿತ್ತಾಳೆಯ ಮೊಗ್ಗು. ಬೆಂಕಿಯ ಕಾವು ತಾಗಿದರೆ ಮೊಗ್ಗಿನ ಬೆಸುಗೆ ಕರಗಿ ನೀರು ಸುರಿಯಬೇಕು. ಪೈಪಿನ ತುದಿಗೆ ಒಂದು ನಲ್ಲಿಯೂ ಇತ್ತು, ಆಗಾಗ ಬಿಟ್ಟು ನೀರಿನ ಜೋರು ನೋಡುವುದಕ್ಕೆ. ಆದರೆ ನಮ್ಮ ಸೀಮೆಯಲ್ಲಿ ನೀರನ್ನು ಸುಮ್ಮನೆ ನೆಲಕ್ಕೆ ಬಿಡುವವರು ಯಾರು? ಮ್ಯಾನೇಜರ್ ಸಾಹೇಬರು ಅದಕ್ಕೆ ತಂತಿ ಸುತ್ತಿ ಬಿಗಿದುಬಿಟ್ಟಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅವರ ನಂಬಿಕೆಯೆಲ್ಲ ಟಾಕಿಯ ಬುಡದಲ್ಲಿ ನೀರಿನ ಜೋರು ತೋರಿಸುವ ಗೇಜಿನ ಮೇಲೆ. ಮಹಾನವಮಿಗೆ ಅದರ ಗಾಜಿಗೆ ವಿಭೂತಿ ಬಳಿದು, ಕಾಯಿ ಒಡೆದು ಕೈಮುಗಿಯುತ್ತಿದ್ದರು. ಗೇಜಿನ ಮುಳ್ಳೂ ಮರ್ಯಾದೆಯಿಂದ ಇದ್ದಲ್ಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ಹಾಲು ಕೊಡಲು ಹೋದೆ. ಮಗಳ ಹಣೆಯ ಮೇಲೆ ಕೆಂಪು ಹನಿ. ಅಂಗಿ ಬಿಚ್ಚಿ ತಲೆಯಿಂದ ಕಾಲಿನವರೆಗೆ ಗಾಯ ಹುಡುಕಿದೆ. ಆಕೆ ನನ್ನ ಗಾಬರಿ ನೋಡಿ ನಗುತ್ತಿದ್ದಳು. ಅಷ್ಟರಲ್ಲಿ ಮೇಲಿನಿಂದ ಇನ್ನೊಂದು ಹನಿ ನನ್ನ ಕೈಮೇಲೆ ಬಿತ್ತು.

ನನ್ನ ಕೂಗಿಗೆ ಶೆಡ್ಡೇ ಸೇರಿತು. ಮುದಗಲ್ಲಿನಿಂದ ಬಂದಿದ್ದ ಫಿಟ್ಟರ್ ಚಾಚಾ ಹನಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ರಕ್ತ ಅಲ್ಲ ಬೇಟಿ, ಜಂಗು. ಪೈಪಿನ ಒಳಗ ತುಕ್ಕು ತಿಂದೈತಿ. ಮೊದ್ಲ ಎಲ್ಲಾರೂ ಜೋಲಿ ಬಿಚ್ರಿ."

ಮ್ಯಾನೇಜರ್ ಸಾಹೇಬರೂ ಬಂದರು. "ಪೈಪಿಗೆ ಜೋಲಿ ಕಟ್ಟಿ ತೂಗಿದ್ರ ಸೋರದ ಏನಾಗ್ತೈತಿ? ನಾಳಿಂದ ಕೂಸು ತರೂಹಂಗಿಲ್ಲ. ತರೂದಿದ್ರ ಕೆಲಸಕ್ಕ ಬರಬ್ಯಾಡ್ರಿ."

ಕೂಸು ಬೇಕೋ ಕೂಲಿ ಬೇಕೋ ಎಂದು ಕೇಳಿದ ಹಾಗಾಯಿತು. ಕೂಲಿ ಇಲ್ಲದಿದ್ದರೆ ನಮ್ಮ ಒಲೆ ಹೊತ್ತುವಂತಿರಲಿಲ್ಲ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ.

"ತೂಗಿದ್ದಕ್ಕ ಕೀಲು ಸಡಿಲಾಗಿರಬೌದು ಸಾಹೇಬ್ರ. ನೀರು ಕೆಂಪಾಗಿದ್ದೂ ನಮ್ಮ ಕೂಸಿನಿಂದನ ಏನ್ರೀ?"

ಚಾಚಾ ನಗು ನುಂಗಿಕೊಂಡು, "ತುದೀ ನಲ್ಲಿ ಬಿಟ್ಟು ನೋಡೂಣ್ರಿ" ಎಂದರು.

"ಗೇಜಿನ ಮುಳ್ಳು ಮ್ಯಾಲೇ ಐತಲ್ಲ. ನೀರ್ಯಾಕ ಚೆಲ್ತೀಯೋ?"

"ಅದು ನಿಂತ ನೀರಿನ ಜೋರು ಸಾಹೇಬ್ರ. ಹರಿಯೋದ್ರಾಗ ಎಷ್ಟೈತಿ ಅನ್ನೂದು ಹರಿಸಿದ್ರನ ತಿಳೀತೈತಿ."

ತಂತಿ ಕತ್ತರಿಸಿದರು. ನಲ್ಲಿ ಕೆಮ್ಮಿತು, ಕೆಂಪು ರಾಡಿ ಕಾರಿತು, ಶೇಂಗಾ ಸಿಪ್ಪೆಯಂಥ ತುಕ್ಕಿನ ಚಕ್ಕೆಗಳನ್ನು ಉಗುಳಿತು. ಆಮೇಲೆ ದಾರದಷ್ಟು ಸಣ್ಣಗೆ ನೀರು ಇಳಿಯತೊಡಗಿತು. ಸಾಹೇಬರು ಆ ನೀರನ್ನು ನೋಡಿದರು, ಛಾವಣಿ ಮುಟ್ಟುತ್ತಿದ್ದ ಹತ್ತಿಯ ರಾಶಿ ನೋಡಿದರು, ನಮ್ಮ ಸೊಂಟದ ಮೇಲಿದ್ದ ಕೂಸುಗಳನ್ನು ನೋಡಿದರು. ಮುಖ ಬಿಳಿಚಿಕೊಂಡಿತು. ಆಗ ನನಗೆ ಅವರನ್ನು ಕಂಡು ಪಾಪ ಅನ್ನಿಸಿತು.

"ಇದನ್ನ ನಂಬಿ ನಿದ್ದಿ ಮಾಡಿದ್ನಲ್ಲ" ಎಂದರು.

ಮರುದಿನ ಜಿನ್ನು ನಿಂತಿತು. ರಾಯಚೂರಿನಿಂದ ಲಾರಿಯಲ್ಲಿ ಹೊಸ ಪೈಪು ಬಂತು. ಹಳೆಯದನ್ನು ಕೊಯ್ದಾಗ ಒಳಗೆ ಹೆಬ್ಬೆರಳು ತೂರುವಷ್ಟೂ ಜಾಗವಿರಲಿಲ್ಲ.

ಕೆಲಸ ಶುರುವಾದ ದಿನ ಕೂಸನ್ನು ಎತ್ತಿಕೊಂಡೇ ಹೋದೆ. ಗೇಟಿನವನು ತಡೆದ. ನಾನು ಅಲ್ಲೇ ಕೂತೆ. ಉಳಿದ ತಾಯಂದಿರೂ ಕೂತರು. ಕೂಸಿಲ್ಲದವರೂ ಒಳಗೆ ಹೋಗದೆ ನಮ್ಮ ಜೊತೆ ಕೂತರು. ಸಾಹೇಬರು ಗೇಟಿಗೆ ಬಂದರು.

"ಏಳ್ರೆವ್ವ. ಪೈಪು ಮುಟ್ಟೂದಿಲ್ಲ ಅಂತ ಮಾತು ಕೊಡ್ರಿ. ದೊಡ್ಡ ಬಾಗಲ ಹತ್ರ ಜೋಲಿಗಂತ ಒಂದು ತೊಲಿ ಹಾಕ್ಸೀನಿ."

ಮಾತು ಕೊಟ್ಟೆವು. ಆಮೇಲೆ ಚಾಚಾ ಪ್ರತಿ ಸೋಮವಾರ ತುದಿಯ ನಲ್ಲಿ ಬಿಡುತ್ತಿದ್ದರು. ನೀರು ಹೋಗುವುದನ್ನು ನೋಡಲಾರದೆ ಸಾಹೇಬರು ಆ ಕಡೆ ಮುಖ ತಿರುಗಿಸುತ್ತಿದ್ದರು. ನಾವು ಅದನ್ನು ಕೊಡಕ್ಕೆ ಹಿಡಿದು ಕೂಸುಗಳ ಬಟ್ಟೆ ಒಗೆಯುತ್ತಿದ್ದೆವು.

ಸುಗ್ಗಿಯ ಕೊನೆಗೆ ಒಂದು ದಿನ ಹತ್ತಿಯ ಜೊತೆ ಯಂತ್ರಕ್ಕೆ ಕಲ್ಲು ಸಿಕ್ಕಿ ಕಿಡಿ ಹಾರಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬೆಂಕಿ ಬಾಗಿಲ ಪಕ್ಕದ ರಾಶಿಗೆ ಹತ್ತಿತು. ನಾವು ಜೋಲಿಗಳ ಕಡೆ ಓಡಿದೆವು. ಓಡುತ್ತಿರುವಾಗಲೇ ತಲೆಯ ಮೇಲೆ ಮೊಗ್ಗುಗಳು ಪಟಪಟ ಒಡೆದು ನೀರು ಧೋ ಎಂದು ಸುರಿಯಿತು. ನಾನು ಜೋಲಿ ಮುಟ್ಟುವ ಹೊತ್ತಿಗೆ ಉರಿ ಅಡಗಿ ಬರೀ ಹೊಗೆ ಉಳಿದಿತ್ತು. ಸಾಹೇಬರು ನೀರು ಸೋರುವ ರುಮಾಲು ಸುತ್ತಿಕೊಂಡೇ ಮಕ್ಕಳನ್ನು ಒಂದೊಂದಾಗಿ ಎತ್ತಿ ತಾಯಂದಿರಿಗೆ ಕೊಡುತ್ತಿದ್ದರು. ಅಷ್ಟೂ ಕೂಸುಗಳು ತೊಯ್ದು ತೊಪ್ಪೆಯಾಗಿ ಒಟ್ಟಿಗೆ ಕಿರುಚಿ ಅಳುತ್ತಿದ್ದವು. ನನ್ನ ಮಗಳದೇ ಎಲ್ಲಕ್ಕಿಂತ ದೊಡ್ಡ ದನಿ. ಅಷ್ಟು ಚಂದದ ಅಳು ನಾನು ಮತ್ತೆ ಕೇಳಿಲ್ಲ.